ಶ್ಯಾಮ್ ಬೆನಗಲ್ ಸಿನಿಮಾಗಳಿಗೆ ದುಡ್ಡು ಹಾಕ್ತಿದ್ದೋರು ಯಾರು? ಎಲ್ಲಿಂದ ನೋಡೋಕೆ ಶುರು ಮಾಡ್ಲಿ?

ಹಾಲಿನಡೈರಿ_ಮಗಳು:
ಎಲ್ರಿಗೂ ನಮಸ್ಕಾರ. ಕಳೆದ ಭಾನುವಾರ ಅಪ್ಪನ ಜೊತೆ ಕೂತು ಬೆನಗಲ್ ನಿರ್ದೇಶನದ, ಹಾಲಿನ ಸಹಕಾರ ಸಂಘದ ಕಥೆಯ 'ಮಂಥನ್' ನೋಡಿದೆ. ಅಪ್ಪ ನಮ್ಮೂರ ಡೈರಿಲಿ ಇಪ್ಪತ್ತು ವರ್ಷ ಸೆಕ್ರೆಟರಿ ಆಗಿದ್ದೋರು, ಯಾವ ಸಿನಿಮಾ ಹಾಕಿದ್ರೂ ಅರ್ಧಕ್ಕೆ ಎದ್ದು ಹೋಗ್ತಾರೆ, ಇದನ್ನ ಮಾತ್ರ ಕೊನೇ ತನಕ ಅಲ್ಲಾಡ್ದೆ ನೋಡಿದ್ರು. ಡೈರಿ ಬರೋಕೆ ಮುಂಚೆ ನಮ್ಮ ಕಡೆನೂ ಹಿಂಗೇ ಇತ್ತು, ಹಾಲು ತಗೊಳ್ಳೋನು ಹೇಳಿದ್ದೇ ರೇಟು ಅಂದ್ರು. ಶುರುವಿನಲ್ಲೇ ಐದು ಲಕ್ಷ ರೈತರು ಅರ್ಪಿಸೋ ಸಿನಿಮಾ ಅಂತ ಬರುತ್ತಲ್ಲ, ಅದು ನಿಜವಾಗ್ಲೂ ಹಂಗೇನಾ? ಬೆನಗಲ್ ಅವರು ಬೇರೆ ಸಿನಿಮಾಗಳಿಗೆ ದುಡ್ಡು ಎಲ್ಲಿಂದ ತರ್ತಿದ್ರು? ಮುಂದೆ ಯಾವ್ದು ನೋಡ್ಬೇಕು ಅಂತಾನೂ ಹೇಳಿ.

ಹಳೇ_ಪ್ರೊಜೆಕ್ಟರ್:
ನಿಜಾನೇಮ್ಮ. ಗುಜರಾತ್ ಹಾಲು ಒಕ್ಕೂಟದ ಐದು ಲಕ್ಷ ಸದಸ್ಯರು ತಲಾ 2 ರೂಪಾಯಿ ಕೊಟ್ರು, 10 ಲಕ್ಷ ಆಯ್ತು, 1976ರಲ್ಲಿ ಅಷ್ಟರಲ್ಲಿ ಸಿನಿಮಾ ಆಗ್ತಿತ್ತು. ಅಮುಲ್ ಕಟ್ಟಿದ ಕುರಿಯನ್ ಅವರೂ ಬೆನಗಲ್ ಅವರೂ ಸೇರಿ ಮಾಡಿದ ಕಥೆ, ಚಿತ್ರಕಥೆ ಮರಾಠಿ ನಾಟಕಕಾರ ವಿಜಯ್ ತೆಂಡೂಲ್ಕರ್ ಅವರದ್ದು. ರಿಲೀಸ್ ಆದಾಗ ದುಡ್ಡು ಕೊಟ್ಟ ರೈತರೇ ಹಳ್ಳಿಹಳ್ಳಿಯಿಂದ ಲಾರಿ ಹತ್ಕೊಂಡು ಬಂದು ನೋಡಿದ್ರು, ನಮ್ಮ ಸಿನಿಮಾ ಅಂತ.

ಆದ್ರೆ ಅಲ್ಲಿಗೆ ಬರೋ ತನಕ ಬೆನಗಲ್ ಕಾದಿದ್ದು ಸ್ವಲ್ಪ ಅಲ್ಲ. ಹುಟ್ಟಿದ್ದು 1934ರಲ್ಲಿ ಹೈದರಾಬಾದ್ ಹತ್ರ, ಅಪ್ಪ ಫೋಟೋಗ್ರಾಫರ್, ಹನ್ನೆರಡನೇ ವಯಸ್ಸಿಗೇ ಅಪ್ಪನ ಕ್ಯಾಮೆರಾದಲ್ಲಿ ಸಿನಿಮಾ ತೆಗ್ದಿದ್ರು. ಬಾಂಬೆಗೆ ಹೋಗಿ ಜಾಹೀರಾತು ಕಂಪನಿಲಿ ಕಾಪಿರೈಟರ್ ಆಗಿ ಸೇರ್ಕೊಂಡ್ರು, ಆಮೇಲೆ ಸಾಬೂನು ಪೇಸ್ಟು ಅಂತ ನೂರಾರು ಆಡ್ ಫಿಲಂ ಮಾಡಿದ್ರು. 'ಅಂಕುರ್' ಕಥೆ ಹತ್ತು ವರ್ಷಕ್ಕೂ ಜಾಸ್ತಿ ಕೈಯಲ್ಲೇ ಇತ್ತು, ಯಾವ ಪ್ರೊಡ್ಯೂಸರ್ ಹತ್ರ ಹೋದ್ರೂ ಆಗಲ್ಲ ಅಂತಿದ್ರು, ಕೊನೆಗೆ ದುಡ್ಡು ಹಾಕಿದ್ದು ಥಿಯೇಟರ್‌ಗಳಿಗೆ ಆಡ್ ಫಿಲಂ ಹಂಚ್ತಿದ್ದ ಬ್ಲೇಜ್ ಕಂಪನಿ. 1974ರಲ್ಲಿ ಬಂತು, ಶಬಾನಾ ಆಜ್ಮಿಗೆ ಮೊದಲ ಸಿನಿಮಾಕ್ಕೇ ನ್ಯಾಷನಲ್ ಅವಾರ್ಡ್, ಸಾಧು ಮೆಹರ್‌ಗೂ ಅವಾರ್ಡ್. ಆಗ ಬೆನಗಲ್‌ಗೆ ನಲವತ್ತರ ಹತ್ರ ವಯಸ್ಸು.

ಆಮೇಲೂ ಹಂಗೇ, ಮಾಮೂಲಿ ಫೈನಾನ್ಸ್ ಬಾಗಿಲಿಗೆ ಹೋಗಿದ್ದು ಕಮ್ಮಿ. 'ಜುನೂನ್', 'ಕಲಿಯುಗ್' ಎರಡಕ್ಕೂ ಶಶಿ ಕಪೂರ್ ಹಾಕಿದ್ರು, ನೇಕಾರರ ಬಗ್ಗೆ ಮಾಡಿದ 'ಸುಸ್ಮನ್'ಗೆ ಕೈಮಗ್ಗದ ಸಹಕಾರ ಸಂಘಗಳು, ಟೀವಿಗೆ ಮಾಡಿದ 'ಯಾತ್ರಾ'ಗೆ ರೈಲ್ವೆಯವರು. ಯಾರ ಬದುಕಿನ ಕಥೆಯೋ ಅವರ ಹತ್ರನೇ ಹೋಗಿ ಕೇಳೋದು ದೊಡ್ಡ ಧೈರ್ಯ ಅಂತ ನನಗನ್ಸುತ್ತೆ. ನೀವು 'ಅಂಕುರ್' ಇಂದ ಶುರು ಮಾಡಿ.

ಧಾರವಾಡ_ಪೇಡಾ:
ನಮಸ್ಕಾರ್ರೀ. ಕಾರ್ನಾಡರ ಸುದ್ದಿ ಯಾರೂ ಎತ್ತಲಿಲ್ಲಲ್ರೀ, ಅದಕ್ಕ ಬರಿಯಾಕತ್ತೀನಿ. 'ಮಂಥನ್'ದಾಗ ಡಾಕ್ಟರ್ ರಾವ್ ಪಾತ್ರ ಮಾಡಿದವ್ರು ಅವರ. 'ನಿಶಾಂತ್'ದಾಗ ಹೆಂಡ್ತಿನ್ನ ಜಮೀನ್ದಾರ್ರ ಮಂದಿ ಎತ್ತಿಕೊಂಡು ಹೋದ್ರೂ ಏನೂ ಮಾಡಲಾರದ ಮಾಸ್ತರ್ ಆಗ್ಯಾರ, ಪೊಲೀಸರು, ವಕೀಲರು ಅಂತ ಎಲ್ಲಾರ ಕಡೆ ಅಲೀತಾರ, ಆ ಮುಖ ನೋಡಿದ್ರ ಹೊಟ್ಟಿ ಉರೀತದ. ನಟನೆ ಒಂದ ಅಲ್ಲ, 'ಭೂಮಿಕಾ' ಚಿತ್ರಕಥೆ ಬೆನಗಲ್, ನಾಟಕದ ಸತ್ಯದೇವ ದುಬೆ, ಕಾರ್ನಾಡ್ ಮೂರೂ ಮಂದಿ ಬರದದ್ದು, ಅದಕ್ಕ ನ್ಯಾಷನಲ್ ಅವಾರ್ಡೂ ಬಂತು. 'ಕಲಿಯುಗ್' ಅಂತೂ ಮಹಾಭಾರತ ತಂದು ಬಾಂಬೆ ಫ್ಯಾಕ್ಟರಿ ಮಾಲಕರ ಮನ್ಯಾಗ ಇಟ್ಟಂಗದ, ಅದ್ರಾಗೂ ಕಾರ್ನಾಡರ ಕೈ ಅದ. ಇನ್ನ ನಮ್ಮ ಅನಂತ್ ನಾಗ್ ಅವರಿಗೆ ಹಿಂದಿ ಬಾಗಿಲು ತೆಗದದ್ದ 'ಅಂಕುರ್'. ಆ ಹುಡುಗ ಜಮೀನ್ದಾರ ಮೊದಲು ಒಳ್ಳೆಯವನಂಗ ಕಾಣ್ತಾನ, ಆಮೇಲೆ ಅಂಜಿಕಿಯಿಂದನ ಕ್ರೂರಿ ಆಗ್ತಾನ, ಅದನ್ನ ಆ ವಯಸ್ಸಿನ್ಯಾಗ ಹೆಂಗ ಮಾಡಿದ್ರೋ!

ಆದ್ರ ನನ್ನ ಕೇಳಿದ್ರ 'ಭೂಮಿಕಾ' ಮೊದಲ ನೋಡ್ರಿ. ಮರಾಠಿ ನಟಿ ಹಂಸಾ ವಾಡ್ಕರ್ ಅವರ ಆತ್ಮಕಥಿ ಮ್ಯಾಲೆ ಮಾಡಿದ್ದು, ಅದ್ರ ನಾಯಕಿ ಸ್ಮಿತಾ ಪಾಟೀಲ್ ಅವರಿಗೆ ಆಗಿನ್ನೂ ಇಪ್ಪತ್ತೆರಡರ ಆಸುಪಾಸು. ಟೀವಿಯೊಳಗ ನ್ಯೂಸ್ ಓದತಿದ್ದ ಹುಡುಗಿನ್ನ ನೋಡಿ ಕರಕೊಂಡು ಬಂದವ್ರು ಬೆನಗಲ್.

ಬ್ರಹ್ಮಾವರ_ಬಸ್:
ನಮ್ಮ ಕರಾವಳಿಯ ಲಿಂಕ್ ಒಂದು ಉಂಟು. ಬೆನಗಲ್ ಅವರದ್ದು ಕೊಂಕಣಿ ಮನೆ, ಚಿತ್ರಾಪುರ ಸಾರಸ್ವತರು, ತಂದೆ ಕರ್ನಾಟಕದವರು. ಹಿಂದಿ ಸಿನಿಮಾ ನಿರ್ದೇಶಕ ಗುರುದತ್ ಪಡುಕೋಣೆ ಇವರಿಗೆ ಸಂಬಂಧದಲ್ಲಿ ಅಣ್ಣ ಆಗ್ಬೇಕು, ಇಬ್ಬರ ಅಜ್ಜಿಯಂದಿರು ಅಕ್ಕತಂಗಿ. ಇನ್ನೊಂದು ಕೇಳಿ, ಗುರುದತ್ ಅವರ ಕ್ಯಾಮೆರಾಮನ್ ಮೈಸೂರಿನ ವಿ.ಕೆ. ಮೂರ್ತಿ, ಆ ಮೂರ್ತಿಯವರ ಹತ್ರ ಅಸಿಸ್ಟೆಂಟ್ ಆಗಿದ್ದವರು ಗೋವಿಂದ್ ನಿಹಲಾನಿ, ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತವರು. 'ಅಂಕುರ್' ಇಂದ 'ಕಲಿಯುಗ್' ತನಕ ಬೆನಗಲ್ ಅವರ ದೊಡ್ಡ ಸಿನಿಮಾಗಳನ್ನೆಲ್ಲ ತೆಗ್ದದ್ದು ಇದೇ ನಿಹಲಾನಿ. ಅಣ್ಣನ ಕ್ಯಾಮೆರಾದ ವಿದ್ಯೆ ಮೈಸೂರು ಬೆಂಗಳೂರು ಸುತ್ತಿ ತಮ್ಮನ ಕೈಗೆ ಬಂತು ಮಾರ್ರೆ!

ಬೆನಗಲ್ ಅವರ ಟೀವಿ ಧಾರಾವಾಹಿ 'ಭಾರತ್ ಏಕ್ ಖೋಜ್' ಬಿಡ್ಬೇಡಿ, 53 ಎಪಿಸೋಡ್, 1988ರಲ್ಲಿ ದೂರದರ್ಶನದಲ್ಲಿ ಬರ್ತಿತ್ತು. ನಮ್ಮ ಮನೆಯಲ್ಲಿ ಆಗ ಟೀವಿ ಇರ್ಲಿಲ್ಲ, ಪಕ್ಕದ ಮನೆ ಜಗಲಿಯಲ್ಲಿ ನಿಂತು ನೋಡಿದ್ದು. 2024ರ ಡಿಸೆಂಬರ್ 23ಕ್ಕೆ ಬೆನಗಲ್ ತೀರಿಕೊಂಡ ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಜಗಲಿ. ತೊಂಬತ್ತು ತುಂಬಿ ಒಂಬತ್ತು ದಿನ ಆಗಿತ್ತು ಅಷ್ಟೆ.

ಹಳೇ_ಪ್ರೊಜೆಕ್ಟರ್:
ಒಂದು ಮರ್ತಿದ್ದೆ. 'ಮಂಥನ್' ಪ್ರಿಂಟ್ ಹಾಳಾಗ್ತಾ ಬಂದಿತ್ತು, ಫಿಲಂ ಹೆರಿಟೇಜ್ ಫೌಂಡೇಶನ್‌ನೋರು ಸರಿ ಮಾಡಿಸಿ 2024ರ ಮೇನಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದ್ರು, ಜೂನ್‌ನಲ್ಲಿ ಇಲ್ಲಿನ ಥಿಯೇಟರ್‌ಗಳಿಗೂ ಬಂತು. ಬೆನಗಲ್ ಬದುಕಿದ್ದಾಗಲೇ ಇದಾಯ್ತಲ್ಲ ಅನ್ನೋದೇ ಸಮಾಧಾನ.

ಹಾಲಿನಡೈರಿ_ಮಗಳು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಎರಡು ರೂಪಾಯಿ ವಿಷ್ಯ ಅಪ್ಪಂಗೆ ಓದಿ ಹೇಳಿದೆ, ಸ್ವಲ್ಪ ಹೊತ್ತು ಸುಮ್ನಿದ್ದು, ನಮ್ಮ ಸಂಘದಲ್ಲಿ ಯಾರಾದ್ರೂ ಹಂಗೆ ಕೇಳಿದ್ರೆ ಎಲ್ಲ ಸದಸ್ಯರ ಹತ್ರಾನೂ ನಾನೇ ಹೋಗಿ ಕೇಳ್ತಿದ್ದೆ ಅಂದ್ರು. ಈ ಶನಿವಾರ 'ಅಂಕುರ್' ನೋಡ್ತೀವಿ, 'ಭೂಮಿಕಾ' ಅದರ ಮುಂದಿನ ವಾರ. ಸುಸ್ಮನ್ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ರೆ ಹೇಳಿ, ಅಮ್ಮನ ತವರಲ್ಲಿ ಎಲ್ಲ ಮಗ್ಗದವ್ರು.