ಯಂತ್ರೋಪಕರಣ ಇಡಲು ಗಾಲಿ ಸ್ಟ್ಯಾಂಡ್: ಎಂತಹ ಗಾಲಿ ಹಾಕಿಸಬೇಕು?

ಪ್ರಶ್ನೆ (ಗೋಕುಲ ರಸ್ತೆ, ಹುಬ್ಬಳ್ಳಿ):
ನಮಸ್ಕಾರ. ಡ್ರಿಲ್, ಗ್ರೈಂಡರ್ ಹಾಗೂ ಸುಮಾರು 20 ಕೆ.ಜಿ. ತೂಕದ ಕಟ್-ಆಫ್ ಯಂತ್ರವನ್ನು ಒಂದೇ ಕಡೆ ಇಡಲು ಗಾಲಿಯುಳ್ಳ ಸ್ಟ್ಯಾಂಡ್ ಮಾಡಿಸಬೇಕೆಂದಿದ್ದೇನೆ. ವರ್ಕ್‌ಶಾಪಿನ ನೆಲ ಫರ್ಸಿ ಕಲ್ಲಿನದು. ಎಂತಹ ಗಾಲಿ ಸೂಕ್ತವೆಂದು ದಯವಿಟ್ಟು ತಿಳಿಸಿ.

ಉತ್ತರ (ಗದಗ):
ಸರ್, ಫರ್ಸಿಯ ಸಂದುಗಳಲ್ಲಿ 2 ಇಂಚಿನ ಗಾಲಿ ಸಿಕ್ಕಿಕೊಳ್ಳುವುದರಿಂದ 4 ಇಂಚಿನವನ್ನೇ ಹಾಕಿಸಿ. ಎರಡು ತಿರುಗುವ ಗಾಲಿಗಳಿಗೆ ಬ್ರೇಕ್ ಇರಲಿ, ಉಳಿದೆರಡು ನೇರ ಗಾಲಿಗಳಾಗಿರಲಿ. ಕಟ್-ಆಫ್ ಯಂತ್ರವನ್ನು ಕೆಳಗಿನ ಖಾನೆಯಲ್ಲಿಯೇ ಇಡಬೇಕು, ಇಲ್ಲವಾದರೆ ತಳ್ಳುವಾಗ ಸ್ಟ್ಯಾಂಡ್ ವಾಲುತ್ತದೆ.

ಉತ್ತರ (ಧಾರವಾಡ):
ಚೌಕಟ್ಟಿಗೆ ಕಬ್ಬಿಣದ ಆ್ಯಂಗಲ್, ಖಾನೆಗಳಿಗೆ 18 ಮಿ.ಮೀ. ಪ್ಲೈವುಡ್ ಸಾಕು. ನಮ್ಮ ಊರಿನ ಮಳೆಗಾಲದ ತೇವಕ್ಕೆ ಪ್ಲೈವುಡ್ಡಿನ ಕತ್ತರಿಸಿದ ಅಂಚು ಉಬ್ಬುತ್ತದೆಯಾದ್ದರಿಂದ, ಬಡಗಿ ಬೇಡವೆಂದರೂ ಅಲ್ಲಿಗೆ ಪ್ರೈಮರ್ ಬಳಿಸದೆ ಬಿಡಬೇಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಆ ಸ್ಟ್ಯಾಂಡಿನ ಮೇಲೆಯೇ ಕಬ್ಬಿಣ ಕತ್ತರಿಸಬಹುದೇ?

ಉತ್ತರ (ಗದಗ):
ಬೇಡ ಸರ್. ಕಿಡಿಗಳು ಪ್ಲೈವುಡ್ಡನ್ನು ಸುಡುತ್ತವೆ. ಯಂತ್ರವನ್ನು ನೆಲಕ್ಕಿಳಿಸಿಯೇ ಕತ್ತರಿಸಿ.