ಬಟ್ಟೆ ಹೊದಿಸಿದ ಕಯಾಕ್ ಯಾರ ಅಳತೆಗೆ? ದೋಣಿ ಕಟ್ಟುವವರನ್ನೇ ಕೇಳಿ

ಅಡ್ಮಿನ್: ಮರದ ಚೌಕಟ್ಟು ಕಟ್ಟಿ, ಬಟ್ಟೆ ಹೊದಿಸಿ ಮನೆಯಲ್ಲೇ ಕಯಾಕ್ (ಕಾಲು ಚಾಚಿ ಕೂತು ಹುಟ್ಟು ಹಾಕುವ ಸಪೂರ ದೋಣಿ) ಮಾಡುವವರು ಇಲ್ಲಿ ಕೇಳಿ. ದೋಣಿ ಕಟ್ಟುವ ನಮ್ಮ ಕುಂಬಳೆ ಅಣ್ಣ ಉತ್ತರ ಕೊಡುತ್ತಾರೆ.

ಉಪ್ಪಳದಿಂದ: ನಮಸ್ಕಾರ ಅಣ್ಣ. ನನ್ನ ಎತ್ತರ 5 ಅಡಿ 7 ಇಂಚು. ಎಷ್ಟು ಉದ್ದದ ದೋಣಿ ಬೇಕು?

ಕುಂಬಳೆ ಅಣ್ಣ: ನಮಸ್ಕಾರ. ಗ್ರೀನ್‌ಲ್ಯಾಂಡಿನ ಬೇಟೆಗಾರರು ದೋಣಿಯನ್ನು ತಮ್ಮ ಮೈಯಿಂದಲೇ ಅಳೆಯುತ್ತಿದ್ದರು. ಉದ್ದ ಮೂರು ಮಾರು. ಅಗಲ ಸೊಂಟದಷ್ಟು, ಜತೆಗೆ ಎರಡು ಮುಷ್ಟಿ. ಆಳ ಒಂದು ಮುಷ್ಟಿ, ಅದರ ಮೇಲೆ ನೆಟ್ಟಗೆ ಎತ್ತಿದ ಹೆಬ್ಬೆರಳು. ಒಬ್ಬರ ಮಾರು ಹೆಚ್ಚುಕಡಿಮೆ ಅವರ ಎತ್ತರದಷ್ಟೇ, ಹಾಗಾಗಿ ನಿಮಗೆ ಸುಮಾರು 16 ಅಡಿ 9 ಇಂಚು ಬರುತ್ತದೆ. ಇದು ಶುರುವಿನ ಅಳತೆ ಅಷ್ಟೇ. ತೂಕ ಹೇಳಿ, ಆಮೇಲೆ ಮಾತಾಡುವ.

ಬದಿಯಡ್ಕ ಮಾಷ್ಟ್ರು: ಮಾರು ಅಂದರೆ 6 ಅಡಿ. ಹಾಗಾದರೆ ಎಲ್ಲರಿಗೂ 18 ಅಡಿ ಅಲ್ವಾ?

ಮಂಜೇಶ್ವರದಿಂದ: ಇಲ್ಲ ಮಾಷ್ಟ್ರೇ, ಮಾರು ಅವರವರ ಕೈ ಚಾಚಿದಷ್ಟು.

ಬದಿಯಡ್ಕ ಮಾಷ್ಟ್ರು: ಬಾವಿ ಹಗ್ಗ ಕೊಡುವಾಗ ಅಂಗಡಿಯವನು ನಿಮ್ಮ ಕೈ ಅಳೆಯುತ್ತಾನಾ?

ಮಂಜೇಶ್ವರದಿಂದ: ಹಗ್ಗದ ಒಳಗೆ ಯಾರೂ ಕೂರುವುದಿಲ್ಲ ಮಾರಾಯ್ರೆ.

ಮುಳ್ಳೇರಿಯದಿಂದ: ಅಣ್ಣ, ತಮ್ಮನ ಅಳತೆಗೆ ಚೌಕಟ್ಟು ಕಟ್ಟಿದ್ದೆವು. ಅವನು ಗಲ್ಫಿಗೆ ಹೋದ. ಅವನು 61 ಕಿಲೋ, ನಾನು 92. ನನ್ನ ಬಲ ಮೊಣಗಂಟು ಆಪರೇಶನ್ ಆಗಿದೆ, ಪೂರಾ ಮಡಚುವುದಿಲ್ಲ. ಒಳಗೆ ಹೇಗೋ ಕೂರುತ್ತೇನೆ. ಏಳುವಾಗ ಹೆಂಡತಿ ಕೈ ಹಿಡಿದು ಎಳೆಯಬೇಕು. ಬಟ್ಟೆ ತಂದಾಗಿದೆ, ಭಾನುವಾರ ಹೊಲಿಯುವುದು. ಮಳೆ ಬಿಟ್ಟ ಮೇಲೆ ಚಂದ್ರಗಿರಿ ಅಳಿವೆಗೆ ಹೋಗುವ ಅಂತ.

ಕುಂಬಳೆ ಅಣ್ಣ: ಭಾನುವಾರ ಹೊಲಿಯಬೇಡಿ. ದಯವಿಟ್ಟು.

ಹೆಂಡತಿ ಎಳೆಯಬೇಕು ಅಂದಿರಲ್ಲ, ಅದನ್ನು ಓದಿ ಹೆದರಿಕೆ ಆಯಿತು. ದೋಣಿ ಮಗುಚಿದರೆ ತಲೆ ನೀರಿನಡಿ, ಕಾಲು ದೋಣಿಯೊಳಗೆ. ಅಲ್ಲಿ ಕೈ ಹಿಡಿಯುವವರು ಯಾರು?

ತೊಡೆಯ ಮೇಲೆ ಬಾಗಿದ ಅಡ್ಡಪಟ್ಟಿ ಬರುತ್ತದಲ್ಲ, ಗ್ರೀನ್‌ಲ್ಯಾಂಡಿನವರು ಅದನ್ನು ಮಸಿಕ್ ಅನ್ನುತ್ತಾರೆ. ತಮ್ಮನ ತೊಡೆಗೆ ಸರಿಯಾದ ಮಸಿಕ್ ನಿಮ್ಮ ತೊಡೆಯನ್ನು ಒತ್ತಿ ಹಿಡಿಯುತ್ತದೆ. ಮೊಣಗಂಟು ಮಡಚದವರು ಕಾಲು ನೆಟ್ಟಗೆ ಇಟ್ಟುಕೊಂಡೇ ಹಿಂದಕ್ಕೆ ಜಾರಿ ಹೊರಗೆ ಬರಬೇಕು.

ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ನೆಲದಲ್ಲಿ ಕೂತುಕೊಳ್ಳಿ. ದೋಣಿಯಲ್ಲಿ ಹಾಕುವ ಫೋಮಿನ ಮೇಲೆಯೇ ಕೂರಿ. 1 ಇಂಚು ಫೋಮ್ ಹಾಕಿದರೆ ಒಳಗೆ 1 ಇಂಚು ಜಾಗ ಹೋಯಿತು. ತೊಡೆಯ ಮೇಲೆ ರೂಲರ್ ಅಡ್ಡ ಇಟ್ಟು ನೆಲದಿಂದ ಅಳೆಯಿರಿ, ಎರಡು ಬೆರಳು ಸೇರಿಸಿ. ಮಸಿಕಿನ ಅಡಿ ಅಷ್ಟು ಮೇಲೆ ಇರಬೇಕು. ಗೋಡೆಯಿಂದ ಅಂಗಾಲಿನ ಉಬ್ಬಿನವರೆಗೆ ಎಷ್ಟೋ, ಅಲ್ಲಿ ಕಾಲು ಊರುವ ಪಟ್ಟಿ ಬರಬೇಕು. ಅಲ್ಲಿ ಪಾದ ನಿಲ್ಲುವಷ್ಟು ಆಳ ಉಂಟಾ ನೋಡಿ. ಕೂರುವ ಬಾಯಿ 30 ಇಂಚು ಉದ್ದ ಇರಲಿ.

ಇನ್ನು ತೂಕ. ನೀವು 92, ದೋಣಿ 15, ಸಾಮಾನು 5 ಅಂತ ಇಟ್ಟರೆ 112 ಕಿಲೋ. ಅಂದರೆ ದೋಣಿ 112 ಲೀಟರ್ ಹೊಳೆ ನೀರನ್ನು ಬದಿಗೆ ತಳ್ಳಬೇಕು. ತಮ್ಮನಿಗೆ 81 ಸಾಕಿತ್ತು. ಆ 31 ಲೀಟರಿಗೆ ದೋಣಿ ಸುಮಾರು ಮುಕ್ಕಾಲು ಇಂಚು ಜಾಸ್ತಿ ತಗ್ಗುತ್ತದೆ. ಅಂಚೇ ನೀರಿಂದ ನಾಲ್ಕು ಬೆರಳು ಮೇಲೆ ಇರುವ ದೋಣಿಗೆ ಅದು ದೊಡ್ಡದು.

ಬರಿ ಚೌಕಟ್ಟನ್ನು ಚಾಪೆ ಮೇಲಿಟ್ಟು ಕಣ್ಣು ಮುಚ್ಚಿ ಮೂರು ಸಲ ಹೊರಗೆ ಬನ್ನಿ. ಯಾರೂ ಮುಟ್ಟಬಾರದು. ಆಗದಿದ್ದರೆ ಆ ದೋಣಿ ನಿಮ್ಮದಲ್ಲ. ಅಳಿವೆ ಈಗ ಬೇಡವೇ ಬೇಡ. ಇಳಿತದ ನೀರು ಹೊರಗೆ ಓಡುವಾಗ ಎದುರು ಗಾಳಿ ಸಿಕ್ಕಿದರೆ ಅಲ್ಲಿ ಅಲೆ ಎದ್ದು ಬರುತ್ತದೆ.

ಕುಂಬ್ಡಾಜೆಯಿಂದ: ನಾನು 5 ಅಡಿ 4 ಇಂಚು. ಉದ್ದ ಎಷ್ಟು ಬೇಕು ಅಣ್ಣ?

ಕುಂಬಳೆ ಅಣ್ಣ: ಮೇಲೆ ಬರೆದಿದ್ದೇನೆ.

ನೀಲೇಶ್ವರದಿಂದ: ಪಕ್ಕೆಲುಬಿಗೆ ಬಿದಿರು ಆಗುತ್ತದಾ? ಹಸಿಯದ್ದೇ ಬಗ್ಗಿಸಬೇಕಾ?

ಪೆರ್ಲದಿಂದ: ಟಾರ್ಪಾಲು ಹೊದಿಸಬಹುದಾ?

ಕುಂಬಳೆ ಅಣ್ಣ: ಬೇಡ. ಬಣ್ಣ ಹಿಡಿಯುವುದಿಲ್ಲ, ಹೊಲಿಗೆಯಲ್ಲಿ ಹರಿಯುತ್ತದೆ.

ಹೊಸದುರ್ಗದಿಂದ: ಬಂದದ್ದು, ಎಲ್ಲರಿಗೂ ಹಂಚಿ: "ದೋಣಿಯೊಳಗೆ 20 ಖಾಲಿ ಬಾಟ್ಲಿ ತುಂಬಿ, ಲೈಫ್ ಜಾಕೆಟ್ ಬೇಡ. ಬಟ್ಟೆಗೆ ಹಸಿ ಗೇರು ಎಣ್ಣೆ ಹಚ್ಚಿ, ನೀರು ನುಗ್ಗುವುದೇ ಇಲ್ಲ."

ಕುಂಬಳೆ ಅಣ್ಣ: ಇದನ್ನು ಹಂಚಬೇಡಿ. ಬಾಟ್ಲಿ ದೋಣಿಯನ್ನು ತೇಲಿಸಬಹುದು, ಹೊರಗೆ ಬಿದ್ದವನ ತಲೆಯನ್ನು ನೀರಿನ ಮೇಲೆ ಹಿಡಿಯುತ್ತದಾ? ಸಡಿಲ ಬಾಟ್ಲಿ ಕಾಲಿನ ಹತ್ತಿರ ಉರುಳಿ ಬಂದರೆ ಹೊರಗೆ ಬರುವ ದಾರಿಯೇ ಮುಚ್ಚಿತು. ಮುಂದೆ ಹಿಂದೆ ಗಾಳಿ ಚೀಲ ಹಾಕಿ ಕಟ್ಟಬೇಕು, ಲೈಫ್ ಜಾಕೆಟ್ ಮೈಮೇಲೆ ಇರಲೇಬೇಕು. ಹಸಿ ಗೇರು ಎಣ್ಣೆ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಗೇರುಬೀಜದ ಊರಲ್ಲಿ ಇದನ್ನೂ ನಾನೇ ಹೇಳಬೇಕಾ?

ಹೊಸದುರ್ಗದಿಂದ: ನಾಲ್ಕು ಜನರಿಗೆ ಒಳ್ಳೆಯದಾಗಲಿ ಅಂತ ಹಾಕಿದ್ದು. ಅಷ್ಟು ಜೋರು ಬೇಡ.

ಬದಿಯಡ್ಕ ಮಾಷ್ಟ್ರು: ಹೌದು, ಮಾರಿನ ಲೆಕ್ಕವೂ ಇನ್ನೂ ಸರಿಯಾಗಿ ಹೇಳಿಲ್ಲ.

ಮಂಜೇಶ್ವರದಿಂದ: ಮಾಷ್ಟ್ರೇ, ಸಾಕು ಮಾಡಿ.

ಮುಳ್ಳೇರಿಯದಿಂದ: ಅಣ್ಣ, ಚಾಪೆ ಮೇಲೆ ನೋಡಿದೆ. ಎರಡು ಸಲ ಬಂದೆ. ಮೂರನೇ ಸಲ ಬಲ ಮೊಣಗಂಟು ಆ ಅಡ್ಡಪಟ್ಟಿಗೆ ಸಿಕ್ಕಿಹಾಕಿಕೊಂಡಿತು. ಕಣ್ಣು ತೆರೆದೆ.

ಕುಂಬಳೆ ಅಣ್ಣ: ಮಸಿಕಿನ ಕಟ್ಟು ಇವತ್ತೇ ಬಿಚ್ಚಿ. ತೊಡೆಯ ಅಳತೆ, ಸೊಂಟದ ಅಳತೆ ಎರಡೂ ಕಳಿಸಿ. ಬಟ್ಟೆ ಮಡಚಿ ಒಳಗಿಡಿ.