ಮೆಟ್ಟಿಲು ಇಳಿಯುವಾಗ ಮೊಣಕಾಲು ನೋವು: ಓಡುವುದನ್ನು ಬಿಡಬೇಕಾ?

ಕೇಳಿದವರು, ಮಂಗಳೂರು: ವಯಸ್ಸು 26. ದಿನವಿಡೀ ಕೂತು ಮಾಡುವ ಕೆಲಸ. ಮಳೆ ಬಿಟ್ಟ ಮೇಲೆ ಕದ್ರಿ ಪಾರ್ಕಿನ ಹತ್ತಿರ ಓಡಲು ಶುರು ಮಾಡಿದೆ, ಜಿಮ್ಮಿಗೂ ಸೇರಿದೆ. ಈಗ ಮೆಟ್ಟಿಲು ಇಳಿಯುವಾಗ ಮಂಡಿಚಿಪ್ಪಿನ ಸುತ್ತ ನೋವು. ಬಾವು ಇಲ್ಲ. "ಈ ಪ್ರಾಯದಲ್ಲೇ ಗಂಟು ಸವೆಸಿಕೊಳ್ಳಬೇಡ" ಅಂತ ಮನೆಯಲ್ಲಿ ದಿನಾ ಬೈಗುಳ. ಅನುಭವ ಇದ್ದವರು ಹೇಳಿ.

ಬಿಜೈಯಿಂದ, ಹವ್ಯಾಸಕ್ಕೆ ಓಡುವವ: ಬಿಡಬೇಡಿ ಮಾರಾಯ್ರೆ, ಸ್ವಲ್ಪ ಕಡಿಮೆ ಮಾಡಿ. ನನಗೂ ಇದೇ ನೋವಿತ್ತು. ಮೆಟ್ಟಿಲು ಇಳಿಯುವಾಗ, ಸಿನಿಮಾ ಮುಗಿಸಿ ಸೀಟಿನಿಂದ ಏಳುವಾಗ ಜಾಸ್ತಿ.

ಮೊದಲು ಸವೆಯುವ ಮಾತು. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ಒಂದು ಲೆಕ್ಕ ಬಂತು. ಹವ್ಯಾಸಕ್ಕೆ ಓಡುವವರಲ್ಲಿ ಸೊಂಟ ಅಥವಾ ಮೊಣಕಾಲಿನ ಗಂಟು ಸವೆತ ಶೇ 3.5, ಓಡದೆ ಕೂತೇ ಇರುವವರಲ್ಲಿ ಶೇ 10.2. ದೊಡ್ಡ ಮಟ್ಟದ ಸ್ಪರ್ಧೆಗೆ ಓಡುವವರಲ್ಲಿ ಮಾತ್ರ ಶೇ 13.3. ಓಟವೇ ಕಾಪಾಡಿತು ಅನ್ನಲು ಇಷ್ಟು ಸಾಲದು. ಗಂಟು ಚೆನ್ನಾಗಿದ್ದವರೇ ಓಡುತ್ತಾ ಉಳಿದಿರಬಹುದು, ಅಲ್ವಾ? ಆದರೆ ನಿಮ್ಮ ಮನೆಯವರ ಹೆದರಿಕೆಗೆ ಈ ಲೆಕ್ಕದಲ್ಲಿ ಆಧಾರವಿಲ್ಲ. ಮೂಳೆ ತುದಿಯ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಭಾರ ಬಿದ್ದು ಬಿಟ್ಟು ಆಗುವಾಗ ಗಂಟಿನೊಳಗಿನ ದ್ರವ ಓಡಾಡಿ ಅದಕ್ಕೆ ಪೋಷಣೆ ಸಿಗುತ್ತದೆ.

ನಿಮ್ಮದು ಹೆಚ್ಚಾಗಿ ಒಮ್ಮೆಲೇ ಭಾರ ಏರಿಸಿದ್ದರ ಫಲ. ಕೂತಿದ್ದ ಕಾಲಿಗೆ ಓಟವೂ ಜಿಮ್ಮೂ ಒಟ್ಟಿಗೇ ಬಂತು. ಸಾಲದ್ದಕ್ಕೆ ಕದ್ರಿಯ ಇಳಿಜಾರು. ಇಳಿಯುವಾಗ ಮಂಡಿಚಿಪ್ಪಿನ ಮೇಲೆ ಒತ್ತಡ ಜಾಸ್ತಿ. ಸದ್ಯಕ್ಕೆ ಮಂಗಳಾ ಕ್ರೀಡಾಂಗಣದಂತಹ ಸಮತಟ್ಟು ಜಾಗ ನೋಡಿ. ಸ್ವಲ್ಪ ಓಟ, ಸ್ವಲ್ಪ ನಡಿಗೆ.

ನನಗೆ ಫಿಸಿಯೋ ಕಲಿಸಿದ್ದು ಇದು. ಮನೆಯ ಕೆಳಗಿನ ಮೆಟ್ಟಿಲ ಮೇಲೆ ಒಂದೇ ಕಾಲಲ್ಲಿ ನಿಲ್ಲಿ. ಇನ್ನೊಂದು ಕಾಲಿನ ಹಿಮ್ಮಡಿಯನ್ನು ನಿಧಾನಕ್ಕೆ ನೆಲಕ್ಕೆ ಮುಟ್ಟಿಸಿ, ಮತ್ತೆ ಮೇಲೆ ಬನ್ನಿ. ನಿಂತ ಕಾಲಿನ ಮಂಡಿ ಒಳಗೆ ವಾಲಬಾರದು, ಪಾದದ ನೇರಕ್ಕೇ ಇರಬೇಕು. ಕನ್ನಡಿ ಇದ್ದರೆ ಒಳ್ಳೆಯದು. ಇದರಲ್ಲಿ ತೊಡೆ, ಸೊಂಟದ ಪಕ್ಕದ ಸ್ನಾಯು ಎರಡೂ ಗಟ್ಟಿಯಾಗುತ್ತವೆ. ಹತ್ತರಲ್ಲಿ ಎರಡು ಮೂರರಷ್ಟು ನೋವು ಬಂದು ಮರುದಿನ ಬೆಳಿಗ್ಗೆಗೆ ಇಳಿದರೆ ಚಿಂತೆ ಇಲ್ಲ. ಏರುತ್ತಾ ಹೋದರೆ ಕಡಿಮೆ ಮಾಡಿ.

ಉಡುಪಿಯಿಂದ, ಹವ್ಯಾಸಿ ವೇಷಧಾರಿ: ನಾನು ಯಕ್ಷಗಾನ ಮಾಡುವವ. ದಿಗಿಣ ಹಾರಿ ಇಳಿಯುವಾಗ ಮೊಣಕಾಲು ಮಡಚಿ, ಸದ್ದಾಗದ ಹಾಗೆ ಇಳಿಯಬೇಕು ಅಂತ ಗುರುಗಳು ಶುರುವಿನಲ್ಲೇ ಹೇಳಿದ್ದರು. ವರ್ಷವಿಡೀ ಅಭ್ಯಾಸ ಇದ್ದವರಿಗಿಂತ, ಪ್ರದರ್ಶನ ಹತ್ತಿರ ಬಂದಾಗ ಓಡಿ ಬಂದು ದಿನಾ ಕುಣಿಯುವವರೇ ನಮ್ಮಲ್ಲಿ ಮೊಣಕಾಲು ಹಿಡಿದುಕೊಂಡು ಕೂರುವುದು. ಮೇಲಿನವರು ಹೇಳಿದ್ದಕ್ಕೆ ಇದೂ ಸೇರಿಸಿಕೊಳ್ಳಿ.

ಇನ್ನೊಂದು, ಮರಳಲ್ಲಿ ಓಡಿದರೆ ಮೆತ್ತಗೆ ಅಂತ ಪಣಂಬೂರಿಗೋ ಮಲ್ಪೆಗೋ ಹೋಗಬೇಡಿ. ನೀರಿನ ಅಂಚಿನ ಗಟ್ಟಿ ಮರಳು ಸಮುದ್ರದ ಕಡೆಗೆ ವಾಲಿರುತ್ತದೆ, ಒಂದು ಕಾಲು ಕೆಳಗೇ ಬೀಳುತ್ತಾ ಇರುತ್ತದೆ. ಒಣ ಮರಳಲ್ಲಿ ಕಾಲು ಹೂತು ಇನ್ನೂ ಕಷ್ಟ. ನೋವು ಇಳಿದ ಮೇಲೆ ಬೇಕಾದರೆ ಹೋಗಿ.

ಸುರತ್ಕಲ್‌ನಿಂದ, ವಾಲಿಬಾಲ್ ಆಡುತ್ತಿದ್ದವ: ನನ್ನದು ಬೇರೆ ಕಥೆ. ಸ್ಮ್ಯಾಶ್ ಹೊಡೆದು ಇಳಿಯುವಾಗ ಮಂಡಿ ತಿರುಚಿ 'ಟಪ್' ಅಂದಿತು. ಸಂಜೆಯೊಳಗೆ ಬಾತುಕೊಂಡಿತು, ಮತ್ತೆ ನಡೆಯುವಾಗ ಕಾಲು ಕೈಕೊಡುತ್ತಿತ್ತು. ಎಣ್ಣೆ ಹಚ್ಚಿ ತಿಕ್ಕಿದರೆ ಸರಿಯಾಗುತ್ತದೆ ಅಂದವರೇ ಎಲ್ಲ. ಎಂಆರ್‌ಐಯಲ್ಲಿ ಎಸಿಎಲ್, ಅಂದರೆ ಮಂಡಿಯೊಳಗೆ ತೊಡೆ ಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಹಿಡಿದಿಡುವ ಕಟ್ಟು, ಹರಿದದ್ದು ಕಂಡಿತು. ಮುಂದೆ ಗಂಟು ಸವೆಯುವ ಅಪಾಯ ನಿಜವಾಗಿ ಏರುವುದು ಇಂತಹ ಗಾಯಗಳಿಂದ. ಹಾಗಾಗಿ ಬಾವು ಬಂದರೆ, ಮಂಡಿ ಸಿಕ್ಕಿಹಾಕಿಕೊಂಡರೆ, ಕಾಲು ಕುಸಿದರೆ, ಜ್ವರದ ಜೊತೆ ಗಂಟು ಬಿಸಿಯಾದರೆ ಇಲ್ಲಿ ಕೇಳುತ್ತಾ ಕೂರಬೇಡಿ, ಮೂಳೆ ಡಾಕ್ಟರ ಹತ್ತಿರ ಹೋಗಿ. ಆಟ ಆಡುವ ಹುಡುಗರು ಫಿಫಾ 11+ ಎಂಬ 20 ನಿಮಿಷದ ವಾರ್ಮಪ್ ಕಲಿಯಿರಿ. ಫುಟ್‌ಬಾಲಿಗೆ ಮಾಡಿದ್ದಾದರೂ ಹಾರಿ ಇಳಿಯುವ ಎಲ್ಲ ಆಟಕ್ಕೂ ಕೆಲಸಕ್ಕೆ ಬರುತ್ತದೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಸ್ಕ್ವಾಟ್ ಬಿಡಬೇಕಾ? ಕೂರುವಾಗ ಲಟಕ್ ಅನ್ನುತ್ತದೆ.

ಬಿಜೈಯಿಂದ: ನೋವಿಲ್ಲದ ಬರೀ ಸದ್ದಿಗೆ ತಲೆಕೆಡಿಸಿಕೊಳ್ಳಬೇಡಿ. ನೋಯದಷ್ಟು ಆಳಕ್ಕೆ ಕೂತು ಏಳಿ, ಭಾರ ಆಮೇಲೆ. ಓಟ ಕಡಿಮೆ ಮಾಡಿದ ದಿನ ಎಮ್ಮೆಕೆರೆಯ ಈಜುಕೊಳದಲ್ಲಿ ಈಜಬಹುದು, ಆದರೆ ಕಪ್ಪೆಯ ಹಾಗೆ ಕಾಲು ಒದೆಯುವ ಬ್ರೆಸ್ಟ್‌ಸ್ಟ್ರೋಕ್ ಈಗ ಬೇಡ, ಅದು ಮಂಡಿಯ ಒಳಬದಿಯನ್ನು ಎಳೆಯುತ್ತದೆ. ಫ್ರೀಸ್ಟೈಲ್ ಸಾಕು.